ತಾನಾಗಿ ಹರಿದ ತಂತಿ

ಹನ್ನೊಂದನೇ ತಿಂಗಳು, ಒಂಬತ್ತನೇ ದಿನ. ಒಣ ಚಳಿ.

ಫಾನ್ ಯಾಕೆ ಹಾಗೆ ನಕ್ಕ?

ರಾಜಮಾತೆ ತೀರಿಕೊಂಡಾಗಿನಿಂದ ಯಾರೂ ವಾದ್ಯ ನುಡಿಸುವಂತಿಲ್ಲ. ನುಡಿಸಿದರೆ ತಲೆ ಉಳಿಯದು. ಆಸ್ಥಾನ ವಾದಕನಾದ ನಾನು ನನ್ನ ಏಳು ತಂತಿಯ ಚಿನ್ ವಾದ್ಯವನ್ನು ಗೋಡೆಗೆ ತೂಗುಹಾಕಿದ್ದೆ. ಸಂಜೆ ಚಳಿಗೆ ಅದರ ಒಂದು ರೇಷ್ಮೆ ತಂತಿ ಟಂಯ್ ಎಂದು ಹರಿಯಿತು.

ಪಕ್ಕದ ಮನೆಯಿಂದ ಅರಮನೆ ಗುಮಾಸ್ತ ಫಾನ್ ಕೂಗಿದ: "ಏನ್ ಪಂಡಿತ್ರೇ, ಬೆರಳು ತುರಿಸ್ತಾ ಇದ್ಯಾ?"

"ತಂತಿ ತಾನಾಗೇ ಹರೀತು ಕಣ್ರೀ!"

"ಓಹೋ, ತಾನಾಗೇ!" ಎಂದು ನಕ್ಕು ಬಾಗಿಲು ಹಾಕಿಕೊಂಡ.

"ರೀ, ಉಳಿದಿದ್ದನ್ನ ಸಡಿಲ ಮಾಡ್ಬಿಡಿ," ಎಂದಳು ಹೆಂಡತಿ. ಸಡಿಲಿಸಿದರೂ ಸದ್ದಾಗುತ್ತದೆ, ಬಿಟ್ಟರೆ ಇನ್ನೊಂದು ಹರಿಯಬಹುದು. ವಾದ್ಯವನ್ನು ಕೆಳಗಿಳಿಸಿ, ಎಡಗೈಯನ್ನು ಆರೂ ತಂತಿಗಳ ಮೇಲೆ ಒತ್ತಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕೈ ನಡುಗುತ್ತಿದೆ. ನಡುಗಿದಾಗಲೆಲ್ಲ ಅವು ಸಣ್ಣಗೆ ನುಡಿಯುತ್ತಿವೆ.