ಸೇತುವೆಯ ಈಚೆ ನಿಂತ ಹುಡುಗಿ

ಹಮಾಮತ್ಸು
ನವೆಂಬರ್ ೧೧

ಪ್ರೀತಿಯ ಮಿಯೋರಿ,

ಹೇಗಿದ್ದೀಯ? ನಿಮ್ಮ ಕಡೆ ಆಗಲೇ ಹಿಮ ಬಿತ್ತಂತೆ, ಟೀವಿಯಲ್ಲಿ ನೋಡಿದೆ. ಇಲ್ಲಿ ಬರೀ ಗಾಳಿ. ಒಣಹಾಕಿದ ಬಟ್ಟೆಯನ್ನು ಪಕ್ಕದ ಮನೆಯವರ ಬಾಲ್ಕನಿಯಿಂದ ಕೇಳಿ ತರಬೇಕು.

ನಿನ್ನಪ್ಪನ ನಲವತ್ತೊಂಬತ್ತನೆಯ ದಿನದ ತಿಥಿಗೆ ಬರುತ್ತೀಯಾ ಎಂದು ನೀನು ಬರೆದು ತುಂಬ ದಿನವಾಯಿತು. ಉತ್ತರಕ್ಕೆ ಕೂತಾಗಲೆಲ್ಲ ಎದ್ದು ಏನಾದರೊಂದು ಕೆಲಸ ಹಚ್ಚಿಕೊಂಡೆ. ಅಡುಗೆಮನೆಯ ಕಪಾಟುಗಳನ್ನೆಲ್ಲ ತಿಕ್ಕಿ ಮುಗಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ವಿಚ್ಛೇದನವಾಗಿ ಎಂಟು ವರ್ಷ. ಈಗ ಅಲ್ಲಿಗೆ ಬಂದು ಯಾರಾಗಿ ಕೂರಲಿ ಎಂಬುದು ನನಗೆ ತಿಳಿಯುತ್ತಿಲ್ಲ.

ಈ ನಡುವೆ ನಮ್ಮ ತರಗತಿಯ ಮಕ್ಕಳನ್ನು ಇಸೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು, ಒಂದು ರಾತ್ರಿಯ ಪ್ರವಾಸ. ಜೊತೆಗೆ ತ್ಸುಕುದಾ ಸೆನ್ಸೇ ಇದ್ದರು, ಗಣಿತದ ಮೇಷ್ಟ್ರು, ನೀನೊಮ್ಮೆ ನೋಡಿದ್ದೀಯ. ಬಸ್ಸಿನಲ್ಲಿ ಮಕ್ಕಳು ಹಾಡಿದರು, ಒಬ್ಬ ವಾಂತಿ ಮಾಡಿಕೊಂಡ. ಛತ್ರದಂಥ ಹಳೆಯ ವಸತಿಗೃಹ. ಊಟವಾದ ಮೇಲೆ ಕಯಾನೊ ಎಂಬ ಹುಡುಗಿ ನನ್ನ ಹತ್ತಿರ ಬಂದಳು.

"ಸೆನ್ಸೇ, ನಾಳೆ ನಾನು ದೇವಸ್ಥಾನದ ಒಳಗೆ ಬರಲ್ಲ. ಹೊರಗಡೆ ಕಾಯ್ತಾ ಇರ್ತೀನಿ."

"ಮೈ ಸರಿಯಿಲ್ವೇನಮ್ಮ?"

"ಮೈ ಚೆನ್ನಾಗಿದೆ. ಹೋದ ತಿಂಗಳು ಅಜ್ಜಿ ತೀರಿಕೊಂಡ್ರು. ಸೂತಕ."

ನಾನು ಆಗಲಿ ಎಂದೆ. ಬೇರೆ ಏನಾದರೂ ಹೇಳಬೇಕಿತ್ತೇನೋ. ಅವಳು ತಲೆಬಾಗಿಸಿ, ಚಪ್ಪಲಿ ಎಳೆಯುತ್ತ ಹೊರಟುಹೋದಳು.

ಬೆಳಿಗ್ಗೆ ದೇವಸ್ಥಾನಕ್ಕೆ ದಾಟುವ ಸೇತುವೆಯ ಮುಂದೆ ತರಗತಿಯ ಫೋಟೊ ತೆಗೆದರು. ಅದರಲ್ಲಿ ಕಯಾನೊ ಇದ್ದಾಳೆ. ಆಮೇಲೆ ಎಲ್ಲರೂ ಸಾಲಾಗಿ ಹೊರಟಾಗ ಅವಳು ಸೇತುವೆಯ ತುದಿಯ ಮರದ ಹೆಬ್ಬಾಗಿಲಿನ ಈಚೆಯೇ ನಿಂತಳು. ತ್ಸುಕುದಾ ಸೆನ್ಸೇಗೆ ನಾನು ಹೇಳಿರಲಿಲ್ಲ, ಅವಳೇ ಅಜ್ಜಿಯ ವಿಷಯ ತಿಳಿಸಿದಳು.

"ಈ ಕಾಲದಲ್ಲಿ ಯಾರಮ್ಮ ಇದನ್ನೆಲ್ಲ ನೋಡ್ತಾರೆ? ಅದೂ ಅಜ್ಜಿ ಬೇರೆ ಮನೇಲಿದ್ದವರಲ್ವಾ?" ಎಂದರು.

"ಬೇರೆ ಮನೆಯಾದ್ರೇನು ಸೆನ್ಸೇ, ನಮ್ಮಜ್ಜಿ."

ತೈಗಾ ಎಂಬ ಹುಡುಗನಿಗೆ ಎಲ್ಲೂ ಬಾಯಿ ಮುಚ್ಚಿ ಗೊತ್ತಿಲ್ಲ. "ದೇವರ ಮೂಗು ಅಷ್ಟೊಂದು ಚುರುಕೇನೇ? ಸುಮ್ನೆ ಬಾ, ಗೊತ್ತಾಗಲ್ಲ."

"ನಿನ್ನ ಕಾಲುಚೀಲದ ವಾಸನೆ ತಡ್ಕೊಳ್ಳೋ ದೇವರು ನನಗೇನೂ ಅನ್ನಲ್ಲ ಕಣೋ. ನಾನೇ ಹೋಗಲ್ಲ, ಅಷ್ಟೆ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಹೆಜ್ಜೆ ಕದಲಿಸಲಿಲ್ಲ. ನಾನು ಇವಳ ಜೊತೆ ಇಲ್ಲೇ ಇರುತ್ತೇನೆ ಎಂದೆ. ತ್ಸುಕುದಾ ಸೆನ್ಸೇ ಒಳ್ಳೆಯ ಮನುಷ್ಯ. "ನಾನು ಹೋದ ವರ್ಷವೂ ಬಂದಿದ್ದೆ, ಇವಳ ಜೊತೆ ನಾನಿರ್ತೀನಿ. ನೀವು ನೋಡಿಕೊಂಡು ಬನ್ನಿ, ನಿಮಗೇನೂ ಸೂತಕ ಇಲ್ವಲ್ಲ?" ಎಂದರು. ಅದೂ ಇದೂ ಮಾತಾಡಿ ಮಕ್ಕಳ ಹಿಂದೆ ಹೊರಟೆ.

ನದಿಯಲ್ಲಿ ಕೈ ತೊಳೆದೆವು. ನೀರು ಕೊರೆಯುತ್ತಿತ್ತು. ಜಲ್ಲಿಕಲ್ಲಿನ ದಾರಿಯಲ್ಲಿ ಮಕ್ಕಳು ಬೇಕೆಂದೇ ಸದ್ದು ಮಾಡುತ್ತ ನಡೆದರು. ನಾನು ಅವರಿಗಿಂತ ಮುಂದೆ ಹೋಗುವುದು, ನಿಲ್ಲುವುದು, ತಲೆ ಎಣಿಸುವುದು, ಮತ್ತೆ ಎಣಿಸುವುದು. ಗರ್ಭಗುಡಿಯ ಮುಂದಿನ ಬಿಳಿ ಪರದೆ ಗಾಳಿಗೆ ಒಮ್ಮೆ ಮೇಲೆದ್ದು ಬಿತ್ತು. ಅಲ್ಲಿ ಸ್ವಂತಕ್ಕೆ ಏನನ್ನೂ ಬೇಡಬಾರದು, ಕೃತಜ್ಞತೆ ಮಾತ್ರ ಹೇಳಬೇಕೆಂದು ನಾನೇ ಬಸ್ಸಿನಲ್ಲಿ ಮಕ್ಕಳಿಗೆ ಪಾಠ ಮಾಡಿದ್ದೆ. ಕ್ರಮದಂತೆ ಎರಡು ಸಲ ಬಾಗಿದೆ, ಎರಡು ಸಲ ಚಪ್ಪಾಳೆ ತಟ್ಟಿದೆ. ಯಾವುದಕ್ಕೆ ಕೃತಜ್ಞತೆ ಎಂದು ಹುಡುಕುವಷ್ಟರಲ್ಲಿ ಹಿಂದಿನವರು ನೂಕಿದರು.

ಹೊರಗೆ ಬಂದರೆ, ಅಂಗಡಿಯ ಬೆಂಚಿನ ಮೇಲೆ ಕಯಾನೊ ಸಿಹಿಹೂರಣ ಮೆತ್ತಿದ ಅಕ್ಕಿಯುಂಡೆ ತಿನ್ನುತ್ತಿದ್ದಳು. ತ್ಸುಕುದಾ ಸೆನ್ಸೇ ಕೊಡಿಸಿದ್ದಂತೆ. ನನಗೂ ಒಂದು ಕೊಟ್ಟಳು.

"ಅಜ್ಜಿಗೆ ಇದಂದ್ರೆ ಪ್ರಾಣ ಸೆನ್ಸೇ. ಸಕ್ಕರೆ ಕಾಯಿಲೆ, ಡಾಕ್ಟರು ಬೇಡ ಅಂದಿದ್ರು. ಕದ್ದು ತಿನ್ನೋರು, ಸಿಕ್ಕಿಬಿದ್ರೆ ನನ್ನ ಮೇಲೆ ಹಾಕೋರು." ಹೇಳುತ್ತ ಹೇಳುತ್ತ ತೋಳಿನಿಂದ ಕಣ್ಣು ಒರೆಸಿಕೊಂಡಳು. ತೈಗಾ ತನ್ನ ಕರವಸ್ತ್ರ ಚಾಚಿದ. "ಒಗೆದಿದ್ಯಾ?" ಎಂದು ಕೇಳಿಯೇ ತೆಗೆದುಕೊಂಡಳು. ಎಲ್ಲರೆದುರು ಜೋರಾಗಿ ಅತ್ತಳು. ಯಾರೂ ಬೆರಗಾಗಲಿಲ್ಲ. ಅವಳ ಅಜ್ಜಿ, ಅವಳು ಅತ್ತಳು.

ತಿಂಗಳ ಕೊನೆಯ ವಾರ, ತಿಥಿಯ ಹೊತ್ತಿಗೇ, ಶಾಲೆಯಲ್ಲಿ ಪರೀಕ್ಷೆಯಿದೆ, ರಜೆ ಸಿಗುವುದು ಕಷ್ಟ. ಹೂವು ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗೆ ಮಲಗು. ಈ ಚಳಿಗಾಲ ನಿನ್ನನ್ನು ಹೆಚ್ಚು ಕಾಡದಿರಲಿ.

ನಿನ್ನ ಅಮ್ಮ,
ಸುಮಿಎ

ಮರೆತಿದ್ದು: ಕಾಗದ ಮಡಿಸಿ, ಮತ್ತೆ ಬಿಚ್ಚಿದ್ದೇನೆ. ಸೂತಕ ಇಲ್ಲವಲ್ಲ ಎಂದು ತ್ಸುಕುದಾ ಸೆನ್ಸೇ ಕೇಳಿದಾಗ ನಾನು ಅದೂ ಇದೂ ಮಾತಾಡಲಿಲ್ಲ. ಇಲ್ಲ ಎಂದೆ, ಅಷ್ಟೆ. ಲೆಕ್ಕದ ಪ್ರಕಾರ ಅದು ಸರಿ. ಬಿಟ್ಟುಹೋದ ಹೆಂಡತಿಗೆ ಯಾವ ಸೂತಕವೂ ಇಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆ ಹೆಬ್ಬಾಗಿಲ ಕೆಳಗೆ ಹಾದೆ. ಯಾರೂ ತಡೆಯಲಿಲ್ಲ. ಯಾರಾದರೂ ತಡೆಯಲಿ ಎಂದು ಎರಡು ಸಲವೂ ಹೆಜ್ಜೆ ನಿಧಾನ ಮಾಡಿದ್ದೆ. ಪರೀಕ್ಷೆಯ ಮೇಲ್ವಿಚಾರಣೆಯನ್ನು ಬೇರೆಯವರಿಗೆ ವಹಿಸುತ್ತೇನೆ. ನಾನು ಬರುತ್ತೇನೆ ಮಿಯೋರಿ. ಎಲ್ಲಿ ಕೂರಿಸಿದರೂ ಸರಿ. ಇವರು ಯಾರು ಎಂದು ಯಾರಾದರೂ ಕೇಳಿದರೆ ನೀನೇ ಏನಾದರೂ ಹೇಳು, ನನಗೆ ಬಾಯಿ ಬರುವುದಿಲ್ಲ.