ಮುಳ್ಳುಕಂಟಿ ತೆಗೆದ ಜಾಗ

ಬಾಣಾವರ, ನಿಮ್ಮ ಹೊಲದಿಂದ
ಭಾನುವಾರ ಬೆಳಿಗ್ಗೆ

ಲಕ್ಷ್ಮೀಶ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ನಿನ್ನ ಕೆಲಸದಾಳು ಮಧುಕುಮಾರನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಬಾಡಿಗೆಗೆ ನಾಲ್ಕು ಚಕ್ರದ ಬೈಕು ಓಡಿಸುವ ಈ ಹೊಲದಲ್ಲಿ ‘ಹೆಲ್ಮೆಟ್ ಕಡ್ಡಾಯ, ಒಂದು ಗಾಡಿಗೆ ಒಬ್ಬರೇ’ ಎಂದು ಬೋರ್ಡು ಹಾಕಿಸಿದ್ದೀಯ. ಸಂತೋಷ. ಆದರೆ ದಾರಿ ಅಗಲವಾಗಲೆಂದು ಬೇವಿನ ಮರದ ಹತ್ತಿರದ ಮುಳ್ಳುಕಂಟಿಯನ್ನೆಲ್ಲ ಜೆಸಿಬಿಯಿಂದ ಎತ್ತಿಸಿದ್ದೀಯಲ್ಲ, ಅದು ಕಸವೆಂದುಕೊಂಡೆಯಾ? ನಿಮ್ಮ ಕರು ಅಲ್ಲಿದ್ದ ಹಾಳುಬಾವಿಗೆ ಬಿದ್ದು ಸತ್ತಾಗ ನೀನು ನನ್ನ ತರಗತಿಯಲ್ಲಿದ್ದೆ, ಅಳುತ್ತ ಬಂದು ಕೂತಿದ್ದೆ. ಆಮೇಲೆ ನಿಮ್ಮಪ್ಪ ಚಿಕ್ಕಣ್ಣನವರು ಬಾವಿಗೆ ಚಪ್ಪಡಿ ಮುಚ್ಚಿಸಿದರು. ಯಾರೂ ಅದನ್ನು ತುಳಿಯದಿರಲೆಂದು ತಾವಿರುವತನಕ ಪ್ರತಿ ಬೇಸಿಗೆಯೂ ಅದರ ಮೇಲೆ ಹೊಸ ಮುಳ್ಳು ಹೇರಿದರು.

ಈಗ ಆ ಚಪ್ಪಡಿಯ ಮೇಲೆ ಚಕ್ರದ ಗುರುತಿದೆ. ನಡುವೆ ಬಿರುಕು ಬಿಟ್ಟಿದೆ. ನಾನು ಅದರ ಈಚೆಗೆ, ದಾರಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದೇನೆ.

“ಎದ್ದೇಳಿ ಟೀಚರ್, ಪಾರ್ಟಿ ಬಂದೈತೆ. ಎಲ್ರಿಗೂ ಹೆಲ್ಮೆಟ್ ಕೊಟ್ಟಿವ್ನಿ” ಎಂದ ಮಧು.

“ಬಾವಿಗೆ ಬಿದ್ದೋರಿಗೆ ಹೆಲ್ಮೆಟ್ಟೇ ಏಣಿ ಆಗುತ್ತೇನೋ?” ಎಂದೆ. ಅವನು ತಲೆ ಕೆರೆದುಕೊಂಡ.

ಸಾಲಿನ ಮೊದಲ ಗಾಡಿಯ ಮೇಲೆ ಕೂತಿರುವವಳು ನಿನ್ನ ಮಗಳು ಹೇಮಾಶ್ರೀ. ಸ್ನೇಹಿತೆಯರನ್ನು ಕರೆತಂದಿದ್ದಾಳೆ. ಬಾವಿಯ ವಿಷಯ ಹೇಳಿದೆ. “ಅಪ್ಪನೇ ಮಾಡ್ಸಿರೋ ದಾರಿ ಟೀಚರ್, ಏನೂ ಆಗಲ್ಲ” ಎಂದು ನಕ್ಕು, ಇಂಜಿನ್ ಶುರು ಮಾಡಿಕೊಂಡೇ ಕಾಯುತ್ತಿದ್ದಾಳೆ.

ಬೇಗ ಬಾ. ಬರುವಾಗ ಟ್ರ್ಯಾಕ್ಟರಿನಲ್ಲಿ ಮುಳ್ಳು ತುಂಬಿಕೊಂಡು ಬಾ. ಅಲ್ಲಿಯವರೆಗೂ ನಾನು ಏಳುವುದಿಲ್ಲ.

ನಿನ್ನ ಟೀಚರ್,
ಚಲುವಮ್ಮ