ಬೆಣ್ಣಿಹಳ್ಳದಲ್ಲಿ ನಿಂತ ಕಾರು

ಶಲವಡಿ,
೨೮ ಸೆಪ್ಟೆಂಬರ್ ೧೯೮೬

ಪ್ರೀತಿಯ ತಮ್ಮ ಶಂಭೂ,

ಅಕ್ಕನ ತುಂಬುಮನಸ್ಸಿನ ಹಾರೈಕೆ. ಆ ಹಿಮದ ಸೀಮೆಯಲ್ಲಿ ನಿನ್ನ ಕಿವಿನೋವು ಹೇಗಿದೆ? ನಾನು ಹೆಣೆದು ಕಳಿಸಿದ ಉಣ್ಣೆಯ ಟೋಪಿ ಹಾಕಿಕೊಳ್ಳುತ್ತೀಯೋ, ಮೇಜರ್ ಸಾಹೇಬರಾದ ಮೇಲೆ ಅದು ಒಪ್ಪುವುದಿಲ್ಲವೋ? ಅಪ್ಪ ಗಟ್ಟಿಯಾಗಿದ್ದಾನೆ. ಹೊಲದಲ್ಲಿ ಹೆಸರುಕಾಯಿ ಬಿಡಿಸಿ ಮುಗಿಯಿತು. ನಾನು ಅಣ್ಣಿಗೇರಿಯ ಕಾಲೇಜಿಗೆ ಪಾಠ ಹೇಳಲು ಹೋಗಿಬರುತ್ತೇನೆ. ಬಸ್ಸಿನಲ್ಲಿ ಕವಿತೆ ಓದುತ್ತ ಇಳಿಯುವುದನ್ನೇ ಮರೆಯುವ ಚಾಳಿ ಇನ್ನೂ ಬಿಟ್ಟಿಲ್ಲ.

ನಿನ್ನ ಕಾಗದ ಬಂತು. ಅಂಬಾಲಾಕ್ಕೆ ವರ್ಗವಾಗಿದೆ, ದಸರೆ ಮುಗಿದ ಮೇಲೆ ರಜೆಯಲ್ಲಿ ಬಂದು, ನಮ್ಮಲ್ಲಿ ಬಿಟ್ಟುಹೋದ ಕಾರನ್ನು ಅಲ್ಲಿಯವರೆಗೂ ನಾನೇ ನಡೆಸಿಕೊಂಡು ಹೋಗುತ್ತೇನೆ ಎಂದು ಬರೆದಿದ್ದೀ. ರೈಲಿಗೆ ಹಾಕಿದರೆ ಮಿರಜದಲ್ಲಿ ಸಣ್ಣ ಹಳಿಯ ಡಬ್ಬಿಯಿಂದ ದೊಡ್ಡ ಹಳಿಯ ಡಬ್ಬಿಗೆ ಇಳಿಸಿ ಏರಿಸುವಾಗ ಹಮಾಲರು ಅದರ ಮೈಯೆಲ್ಲ ಗೀರುತ್ತಾರೆ ಎಂಬ ನಿನ್ನ ಭಯ ಸುಳ್ಳಲ್ಲ. ಆದರೂ ರೈಲಿಗೇ ಹಾಕು ಶಂಭೂ. ಗೀರು ಬಿದ್ದರೆ ಬೀಳಲಿ.

ಕಾರಣ ಹೇಳಬಾರದೆಂದು ಅಪ್ಪ ಆಣೆ ಹಾಕಿದ್ದಾನೆ. ಹೇಳುತ್ತೇನೆ. ಶ್ರಾವಣದಲ್ಲಿ ಪಕ್ಕದ ಮನೆಯ ಗುಡದಪ್ಪನ ಮಗನ ಮದುವೆಯಾಯಿತು. ನೆಲಕ್ಕೆ ಅಂಟಿದಂತಿರುವ ನಿನ್ನ ಕೆಂಪು ಕಾರನ್ನು ಕಂಡಾಗಲೆಲ್ಲ "ಗೌಡ್ರ, ನಿಮ್ಮ ಗಾಡ್ಯಾಗ ಒಮ್ಮಿ ಕುಂತ್ರ ಏಳಾಕ ಬರೂದಿಲ್ಲೇನ್ರಿ?" ಎಂದು ನಗುತ್ತಿದ್ದವನೇ, ಮಗನನ್ನು ಅದರಲ್ಲೇ ಮೆರೆಸಬೇಕೆಂದು ಕೇಳಿಕೊಂಡು ಬಂದ. ಅಪ್ಪನಿಗೆ ಇಲ್ಲ ಎನ್ನಲು ಬರುವುದಿಲ್ಲ, ನಿನಗೆ ಗೊತ್ತು. ಗಾಡಿ ರಿಪೇರಿಯ ಬಾಬಾಸಾಬನನ್ನು ಅಣ್ಣಿಗೇರಿಯಿಂದ ಕರೆಸಿ ನಡೆಸಲು ಕೂಡಿಸಿದರು. ಬಾಸಿಂಗ ಕಟ್ಟಿಕೊಂಡ ಮದುಮಗ ಅವನ ಬಾಜುವಿಗೆ. ಅಂದು ತಲೆಯ ಮೇಲೆ ಒಂದು ಮೋಡವಿರಲಿಲ್ಲ. ಮಳೆಯಾದದ್ದು ಹಳ್ಳದ ಮೇಲುಗಡೆ, ಕುಂದಗೋಳದ ಕಡೆ. ಬೆಣ್ಣಿಹಳ್ಳ ದಾಟುವಲ್ಲಿ ಚಕ್ರಗಳು ಕೆಸರಿನಲ್ಲಿ ಹೂತವು. ಜನ ನಗುತ್ತ ನೂಕುತ್ತಿದ್ದಂತೆಯೇ, ಸುಡುವ ಬಿಸಿಲಿನಲ್ಲಿ, ಹಳ್ಳ ತುಂಬಿ ಬಂತು. ಎಲ್ಲರೂ ದಂಡೆ ಹತ್ತಿದರು. ಕಾರು ಮರುದಿನದವರೆಗೆ ನೀರಿನೊಳಗಿತ್ತು. ಎತ್ತು ಹೂಡಿ ಎಳೆಸಿದರು.

ಬಾಬಾಸಾಬ ಬಿಚ್ಚಿ ಒಣಗಿಸಿದ. ಅಪ್ಪ ಹೊಸ ಬಣ್ಣ ಹೊಡೆಸಿದ. ಇಂಜಿನ್ನು ಮೊದಲಿನಂತೆಯೇ ಗುಡುಗುತ್ತದೆ. ನೀನು ಬಂದು ಕೇಳಿದರೆ ಏನೂ ಆಗಿಲ್ಲವೆಂದೇ ತಿಳಿಯುತ್ತೀ. ಬ್ರೇಕು ಮಾತ್ರ ಹಾಗಿಲ್ಲ. ಮೊನ್ನೆ ಬಾಬಾಸಾಬ ಕಾರು ನಡೆಸಿ ತೋರಿಸುವುದನ್ನು ಅಪ್ಪನೂ ನಾನೂ ರಸ್ತೆಯ ಬದಿಗೆ ನಿಂತು ನೋಡುತ್ತಿದ್ದೆವು. ಎಮ್ಮೆಯೊಂದು ಅಡ್ಡ ಬಂತು. ಕಾರು ನಿಲ್ಲಲಿಲ್ಲ. ಬಾಬಾಸಾಬ ಹತ್ತಿಯ ಹೊಲಕ್ಕೆ ತಿರುಗಿಸಿಬಿಟ್ಟ. ಇಳಿದಾಗ ಅವನ ತುಟಿ ಬಿಳುಪೇರಿತ್ತು. "ಒಮ್ಮಿ ಹಿಡೀತೈತ್ರಿ ಅಕ್ಕಾರ, ಒಮ್ಮಿ ಕಾಲು ಹಂಗ ತಳಕ್ಕ ಹೋಗತೈತಿ. ಫಾರೇನ ಗಾಡಿ, ಸಾಮಾನು ಎಲ್ಲೂ ಸಿಗವಲ್ದು," ಎಂದ. ಆಮೇಲೆ ನಡೆಸಿದಾಗ ಪ್ರತಿ ಸಲವೂ ಹಿಡಿಯಿತು. ನನಗೆ ಅದೇ ಹೆಚ್ಚು ಅಂಜಿಕೆ. ಕೆಟ್ಟದ್ದು ಕೆಟ್ಟೇ ಇದ್ದರೆ ಅದನ್ನಾದರೂ ನಂಬಬಹುದು.

ಅಪ್ಪ, "ಹಿಡೀತಲ್ಲಬೇ, ಸಾಕು ಬಿಡು. ಮಗ ನಂಬಿ ಬಿಟ್ಟ ಗಾಡಿ ಹಳ್ಳಕ್ಕ ಹಾಕಿದೆ ಅಂತ ನಾ ಯಾವ ಬಾಯಿಲೆ ಹೇಳಲಿ?" ಎಂದ. ಅಂದಿನಿಂದ ಆ ಮಾತು ತೆಗೆದರೆ ಎದ್ದುಹೋಗುತ್ತಾನೆ. ದಿನಾ ಬೆಳಿಗ್ಗೆ ಕಾರನ್ನು ಒರೆಸುತ್ತಾನೆ. ಸೀಟಿನೊಳಗಿನ ಎರೆಮಣ್ಣಿನ ವಾಸನೆ ಹೋಗುತ್ತಿಲ್ಲ.

ನೀನೇ ಮನಸ್ಸು ಬದಲಾಯಿಸಿದಂತೆ ಅಪ್ಪನಿಗೆ ಒಂದು ಕಾಗದ ಬರಿ. ನನ್ನ ಹೆಸರು ಬೇಡ. ಬಸವಣ್ಣ ನಿನ್ನನ್ನು ಕಾಯಲಿ, ಕಿವಿ ಬೆಚ್ಚಗಿರಲಿ.

ನಿನ್ನ
ರೇವಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಬಂದು ಬಾಗಿಲಲ್ಲಿ ನಿಂತ. "ಶಂಭೂಗ ಬರಿಯಾಕ ಹತ್ತಿಯೇನು? ಎರಡು ಸೀಟ ಅದಾವಲ್ಲ, ಬಾಜೂಕ ನಾ ಕುಂಡ್ರತೇನಂತ ಬರಿ. ಅಂಬಾಲಾತನಕ ಹೋಗತೇನಿ," ಎಂದ. ಹುಬ್ಬಳ್ಳಿಯ ಆಚೆ ಎಂದೂ ಹೋದವನಲ್ಲ. ಯಾಕಪ್ಪಾ ಎಂದೆ. "ಅಂವ ಒಬ್ಬನ ಹೋಗಬಾರದು," ಎಂದ. ನನ್ನ ಮುಖ ನೋಡಲಿಲ್ಲ. ಆಮೇಲೆ ಮೆಲ್ಲಗೆ, ದಾರಿಯಲ್ಲಿ ಘಾಟು ಎಷ್ಟು ಬರುತ್ತವೆ, ಇಳಿಜಾರು ಬಹಳವೇ ಎಂದು ಕೇಳಿದ. ಈಗ ಒಳಗೆ ಧೋತರ ಮಡಚಿ ಚೀಲಕ್ಕೆ ತುಂಬುತ್ತಿದ್ದಾನೆ. ಕಾಗದ ಬರೆಯುತ್ತ ಕೂಡಬೇಡ ಶಂಭೂ, ತಂತಿ ಕೊಡು.